ಫುಜಿ ಬೆಟ್ಟಕ್ಕೆ ಒಂದು ದಿನದ ಗೈಡೆಡ್ ಟೂರ್: ಬುಕ್ ಮಾಡೋ ಮುಂಚೆ ಇದನ್ನ ಓದ್ಕೊಳ್ಳಿ

ಟೋಕಿಯೋಗೆ ಹೋಗೋರು ಹೆಚ್ಚುಕಮ್ಮಿ ಎಲ್ರೂ ಫುಜಿಗೆ ಅಂತ ಒಂದು ದಿನ ಎತ್ತಿಟ್ಟಿರ್ತಾರೆ, ಆನ್‌ಲೈನಲ್ಲಿ ಯಾವುದೋ ಒಂದು ಬಸ್ ಟೂರ್ ನೋಡ್ತಾರೆ, ಫೋಟೋದಲ್ಲಿ ನೀಲಿ ಆಕಾಶ, ಬಿಳೀ ಟೋಪಿ ಹಾಕ್ಕೊಂಡಿರೋ ಬೆಟ್ಟ, ಮುಂದೆ ಕೆಂಪು ಪಗೋಡ, ತಕ್ಷಣ ದುಡ್ಡು ಕಟ್ಬಿಡ್ತಾರೆ. ನಾನೂ ಮೊದಲನೇ ಸಲ ಹಾಗೇ ಮಾಡಿದ್ದು. ಆಗಸ್ಟ್ ತಿಂಗಳು, ದೊಡ್ಡ ಬಸ್ಸು, ಆರು ಸ್ಟಾಪು, ಬೆಳಗ್ಗೆಯಿಂದ ಸಂಜೆವರೆಗೂ ಬೆಟ್ಟದ ಸುತ್ತಾನೇ ತಿರುಗಿದ್ವಿ, ಆದ್ರೆ ಬೆಟ್ಟದ ಸೆರಗೂ ಕಾಣಲಿಲ್ಲ, ಬರೀ ಬೂದಿ ಬಣ್ಣದ ಮೋಡ. ಎರಡನೇ ಸಲ ಜನವರಿಯಲ್ಲಿ ಹೋದೆ, ಒಂಬತ್ತು ಜನರ ವ್ಯಾನು, ಮೂರೇ ಮೂರು ಸ್ಟಾಪು, ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೂ ಬೆಟ್ಟ ಕಣ್ಣ ಮುಂದೇನೇ ಇತ್ತು. ಅದೃಷ್ಟ ಅಂತೀರಾ? ಸ್ವಲ್ಪ ಅದೂ ಇರಬಹುದು. ಆದ್ರೆ ಬಹುಪಾಲು ಯಾವ ತಿಂಗಳು ಹೋದೆ, ಯಾವ ದಿನ ಹೋದೆ, ಗೈಡ್ ಯಾವ ಜಾಗನ ಮೊದಲು ತೋರಿಸಿದ್ರು ಅನ್ನೋದ್ರ ಮೇಲೇ ನಿಂತಿತ್ತು. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ತಿಂಗಳು. ಜೂನ್‌ನಿಂದ ಆಗಸ್ಟ್ ತನಕ ಬೆಟ್ಟ ಕಾಣೋದು ಕಷ್ಟ, ಜೂನಲ್ಲಿ ಮಳೆಗಾಲ, ಆಮೇಲೆ ಸೆಖೆ, ತೇವ ಎಲ್ಲಾ ಸೇರಿ ಬೆಳಗ್ಗೆ ಕಂಡ್ರೂ ಹತ್ತು ಗಂಟೆ ಹೊತ್ತಿಗೆ ಮೋಡ ಮುಚ್ಕೊಂಡ್ಬಿಡತ್ತೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಬೇಸಿಗೆಯಲ್ಲಿ ಫುಜಿ ಮೇಲೆ ಹಿಮ ಇರಲ್ಲ, ಕಂದು ಕಪ್ಪು ಬಣ್ಣದ ಬೋಳು ಬೆಟ್ಟ, ಅದೂ ಚೆನ್ನಾಗೇ ಇರತ್ತೆ ಆದ್ರೆ ನೀವು ಮನಸ್ಸಲ್ಲಿ ಇಟ್ಕೊಂಡಿರೋ ಚಿತ್ರ ಅದಲ್ಲ. ಸಾಮಾನ್ಯವಾಗಿ ಅಕ್ಟೋಬರ್ ಶುರುವಲ್ಲಿ ಮೊದಲ ಹಿಮ ಬೀಳತ್ತೆ, 2024ರಲ್ಲಿ ಮಾತ್ರ ನವೆಂಬರ್ 7ರ ತನಕ ಬೀಳಲೇ ಇಲ್ಲ, ನೂರಾ ಮೂವತ್ತು ವರ್ಷದ ದಾಖಲೆಯಲ್ಲೇ ಅಷ್ಟು ತಡ ಆಗಿರಲಿಲ್ಲ. ನನ್ನ ಕೇಳಿದ್ರೆ ಡಿಸೆಂಬರ್, ಜನವರಿ, ಫೆಬ್ರವರಿ, ಈ ಮೂರು ತಿಂಗಳೇ ಬೆಸ್ಟ್, ಒಣ ಗಾಳಿ, ಶುಭ್ರ ಆಕಾಶ, ಚಳಿ ಮಾತ್ರ ಮೂಳೆ ಕೊರೆಯತ್ತೆ. ಏಪ್ರಿಲಲ್ಲಿ ಚೆರ್ರಿ ಹೂವು, ನವೆಂಬರಲ್ಲಿ ಕವಾಗುಚಿ ಸರೋವರದ ದಡದಲ್ಲಿ ಕೆಂಪಾಗೋ ಮೇಪಲ್ ಎಲೆಗಳು, ಎರಡೂ ಚೆಂದ, ಆದ್ರೆ ಆ ಸಮಯದಲ್ಲಿ ಜನಸಾಗರ.

ದಿನ ಆರಿಸೋದು ಅದಕ್ಕಿಂತ ಮುಖ್ಯ. ಜಪಾನಲ್ಲಿ ಒಂದು ವಾರ ಇರ್ತೀರ ಅಂದ್ರೆ ಫುಜಿನ ಕೊನೇ ದಿನಕ್ಕೆ ಇಡಬೇಡಿ, ಮೊದಲ ಎರಡ್ಮೂರು ದಿನದಲ್ಲೇ ಇಟ್ಕೊಳ್ಳಿ, ಮೋಡ ಬಂದ್ರೆ ಮುಂದಕ್ಕೆ ಹಾಕೋಕೆ ಜಾಗ ಇರತ್ತೆ. ಬುಕ್ ಮಾಡುವಾಗ ಹಿಂದಿನ ದಿನದ ತನಕ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ವಾಪಸ್ ಅಂತ ಇರೋ ಟೂರನ್ನೇ ನೋಡಿ, ನೂರಿನ್ನೂರು ಯೆನ್ ಜಾಸ್ತಿ ಆದ್ರೂ ಪರವಾಗಿಲ್ಲ, ಯಾಕಂದ್ರೆ ಮೋಡ ಇದೆ ಅಂತ ಬೆಳಗ್ಗೆ ಹೇಳಿದ್ರೆ ಯಾವ ಕಂಪನಿನೂ ದುಡ್ಡು ಕೊಡಲ್ಲ, ಬೆಟ್ಟ ಕಾಣತ್ತೆ ಅಂತ ಯಾರೂ ಗ್ಯಾರಂಟಿನೂ ಕೊಡಲ್ಲ. ಎರಡು ದಿನ ಮುಂಚೆ ಹವಾಮಾನ ನೋಡಿ, ನೋಡುವಾಗ ಟೋಕಿಯೋದಲ್ಲ, ಬೆಟ್ಟದ ಬುಡದಲ್ಲಿರೋ ಫುಜಿಯೋಶಿದ ಅಥವಾ ಕವಾಗುಚಿಕೋ ಊರಿನ ಹವಾಮಾನ ನೋಡಿ, ಟೋಕಿಯೋದಿಂದ ಅಲ್ಲಿಗೆ ನೂರು ಕಿಲೋಮೀಟರ್ ದೂರ, ಟೋಕಿಯೋದಲ್ಲಿ ಬಿಸಿಲಿದ್ರೆ ಅಲ್ಲೂ ಇರಬೇಕು ಅಂತೇನಿಲ್ಲ. ಸರೋವರಗಳ ಸುತ್ತ ಲೈವ್ ಕ್ಯಾಮೆರಾಗಳಿವೆ, ಹಿಂದಿನ ಎರಡು ದಿನ ಬೆಳಗ್ಗೆ ಏಳಕ್ಕೆ ಒಂದ್ಸಲ, ಮಧ್ಯಾಹ್ನ ಒಂದಕ್ಕೆ ಒಂದ್ಸಲ ತೆಗೆದು ನೋಡಿ, ಆ ವಾರ ಮೋಡ ಎಷ್ಟು ಹೊತ್ತಿಗೆ ಏರ್ತಿದೆ ಅನ್ನೋದು ನಿಮಗೇ ಗೊತ್ತಾಗತ್ತೆ.

ಈಗ ಯಾವ ಕಡೆಯಿಂದ ನೋಡೋದು ಅನ್ನೋದು. ಫುಜಿ 3776 ಮೀಟರ್, ಜಪಾನಲ್ಲೇ ಅತೀ ಎತ್ತರ, ಉತ್ತರಕ್ಕೆ ಯಮನಾಶಿ ಪ್ರಾಂತ್ಯ, ದಕ್ಷಿಣಕ್ಕೆ ಶಿಜುಓಕ ಪ್ರಾಂತ್ಯ, ಎರಡೂ ಕಡೆಯವರು ನಮ್ಮ ಕಡೆಯಿಂದ್ಲೇ ಬೆಟ್ಟ ಚೆಂದ ಅಂತ ವಾದ ಮಾಡ್ತಾನೇ ಬಂದಿದ್ದಾರೆ. ಒಂದು ದಿನದ ಟೂರ್‌ಗಳು ಹೆಚ್ಚಾಗಿ ಎರಡು ತರ. ಒಂದು ಉತ್ತರದ ಐದು ಸರೋವರಗಳ ಕಡೆ, ಇನ್ನೊಂದು ಫುಜಿ ಮತ್ತು ಹಕೋನೆ ಅನ್ನೋ ಬಿಸಿನೀರಿನ ಬುಗ್ಗೆಗಳ ಊರು ಸೇರಿಸಿ ಮಾಡೋದು, ಅದರಲ್ಲಿ ಬೆಳಗ್ಗೆ ಐದನೇ ಸ್ಟೇಷನ್ನು, ಅಂದ್ರೆ ಫುಜಿ ಮೇಲೆ ಬಸ್ಸು ಹೋಗೋ ತನಕದ ಜಾಗ, ಮಧ್ಯಾಹ್ನ ಆಶಿ ಸರೋವರದಲ್ಲಿ ದೋಣಿ, ಓವಾಕುದಾನಿಯಲ್ಲಿ ಗಂಧಕದ ಹೊಗೆ, ಅಲ್ಲಿ ಬಿಸಿನೀರಲ್ಲಿ ಬೇಯಿಸಿದ ಕಪ್ಪು ಮೊಟ್ಟೆ, ತಿಂದ್ರೆ ಏಳು ವರ್ಷ ಆಯಸ್ಸು ಹೆಚ್ಚತ್ತೆ ಅಂತ ಹೇಳ್ತಾರೆ. ಹಕೋನೆ ತುಂಬಾ ಒಳ್ಳೇ ಜಾಗ, ಆದ್ರೆ ಅದಕ್ಕೇ ಒಂದು ಬೇರೆ ದಿನ ಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕಿದ್ರೆ ಎರಡೂ ಕಡೆ ಕಾಲೂರೋಕೆ ಆಗಲ್ಲ, ದಿನದ ಅರ್ಧ ಬಸ್ಸಿನ ಕಿಟಕಿಯಲ್ಲೇ ಹೋಗತ್ತೆ. ಫುಜಿ ನೋಡಬೇಕು ಅನ್ನೋದೇ ಆಸೆ ಆದ್ರೆ ಉತ್ತರದ ಕಡೆ ಹೋಗಿ, ಒಂದೇ ಕಡೆ ಇರಿ.

ಟೂರ್ ಪೇಜ್ ತೆಗೆದಾಗ ಫೋಟೋ ನೋಡಬೇಡಿ, ಟೈಮಿಂಗ್ ನೋಡಿ. ಒಂದು ಸಣ್ಣ ಲೆಕ್ಕ ಹಾಕಿ. ಹತ್ತು ಗಂಟೆ ಟೂರ್ ಅಂದ್ರೆ ಟೋಕಿಯೋದಿಂದ ಹೋಗಿ ಬರೋಕೆ ನಾಲ್ಕು ನಾಲ್ಕೂವರೆ ಗಂಟೆ ಹೋಯ್ತು, ಊಟಕ್ಕೆ ಒಂದು ಗಂಟೆ, ಜಾಗದಿಂದ ಜಾಗಕ್ಕೆ ಓಡಾಡೋಕೆ ಇನ್ನೊಂದು ಗಂಟೆ, ಉಳಿಯೋದು ಮೂರೂವರೆ ಗಂಟೆ. ಆ ಮೂರೂವರೆ ಗಂಟೆಯಲ್ಲಿ ಆರು ಸ್ಟಾಪ್ ಅಂದ್ರೆ ಒಂದೊಂದಕ್ಕೆ ಮೂವತ್ತೈದು ನಿಮಿಷ, ಅದರಲ್ಲಿ ಬಸ್ಸಿಂದ ನಲವತ್ತು ಜನ ಇಳಿಯೋಕೆ ಐದು ನಿಮಿಷ, ಟಾಯ್ಲೆಟ್ ಕ್ಯೂ ಹತ್ತು ನಿಮಿಷ, ಇನ್ನು ನೋಡೋದು ಯಾವಾಗ? ಮೂರು ಸ್ಟಾಪ್ ಇರೋ ಟೂರ್ ಸಾಕು, ನಾಲ್ಕು ಅಂದ್ರೆ ಜಾಸ್ತಿ, ಮುಂದೆ ನಾನು ಹೇಳೋ ಜಾಗಗಳಲ್ಲಿ ನಿಮಗೆ ಬೇಕಾದ್ದನ್ನಷ್ಟೇ ಆರಿಸ್ಕೊಳ್ಳಿ. ಬೆಲೆ ವಿಷಯಕ್ಕೆ ಬಂದ್ರೆ ದೊಡ್ಡ ಬಸ್ಸಲ್ಲಿ ಒಬ್ಬರಿಗೆ ಹತ್ತು ಸಾವಿರ ಯೆನ್ ಆಸುಪಾಸು, ಊಟ ಸೇರಿದ್ಯಾ ಇಲ್ವಾ ಅನ್ನೋದ್ರ ಮೇಲೆ ಹಿಂದೆ ಮುಂದೆ ಆಗತ್ತೆ, ಸಣ್ಣ ವ್ಯಾನಿಗೆ ಅದಕ್ಕಿಂತ ಜಾಸ್ತಿ. ನಾಲ್ಕೈದು ಜನ ಇದ್ರೆ ವ್ಯಾನೇ ತಗೊಳ್ಳಿ, ತಲೆಗೆ ಹಂಚಿದ್ರೆ ಅಷ್ಟೇನೂ ವ್ಯತ್ಯಾಸ ಬರಲ್ಲ.

ಬುಕ್ ಮಾಡೋ ಮುಂಚೆ ಮೆಸೇಜ್ ಹಾಕಿ ಒಂದೇ ಒಂದು ಪ್ರಶ್ನೆ ಕೇಳಿ, ಆ ದಿನ ಮೋಡ ಇದ್ರೆ ನೀವು ಜಾಗಗಳ ಆರ್ಡರ್ ಬದಲಾಯಿಸ್ತೀರಾ ಅಂತ. ಹೌದು, ಸರೋವರದ ಹತ್ರ ಮುಚ್ಕೊಂಡಿದ್ರೆ ಮೊದಲು ಮೇಲೆ ಹೋಗ್ತೀವಿ, ಗಾಳಿ ಇದ್ರೆ ಇಂಥ ಕಡೆ ಹೋಗ್ತೀವಿ ಅಂತ ಬಿಡಿಸಿ ಉತ್ತರ ಕೊಟ್ರೆ ಅದು ಒಳ್ಳೇ ಗೈಡು. ಶೆಡ್ಯೂಲ್ ಪ್ರಕಾರವೇ ಹೋಗೋದು ಅಂದ್ರೆ ಬಿಟ್ಬಿಡಿ. ನನ್ನ ಮೊದಲ ಟೂರಲ್ಲಿ ಆಗಿದ್ದು ಅದೇ, ಬೆಳಗ್ಗೆ ಒಂಬತ್ತೂವರೆಗೆ ಬೆಟ್ಟದ ತುದಿ ಮೋಡದ ಸಂದಿಯಲ್ಲಿ ಇಣುಕ್ತಿತ್ತಂತೆ, ನಮ್ಮ ಬಸ್ಸು ಆಗ ಒಂದು ಅಂಗಡಿ ಮುಂದೆ ನಿಂತಿತ್ತು, ಶಾಪಿಂಗಿಗೆ ನಲವತ್ತು ನಿಮಿಷ. ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಇನ್ನೊಂದು, ಪ್ರೈವೇಟ್ ವ್ಯಾನ್ ಬುಕ್ ಮಾಡಿದ್ರೆ ನಂಬರ್ ಪ್ಲೇಟ್ ನೋಡಿ, ಜಪಾನಲ್ಲಿ ಬಾಡಿಗೆಗೆ ಜನ ಕರ್ಕೊಂಡು ಹೋಗೋ ಪರ್ಮಿಟ್ ಇರೋ ಗಾಡಿಗೆ ಹಸಿರು ಪ್ಲೇಟ್ ಇರತ್ತೆ. ಬಿಳೀ ಪ್ಲೇಟಿನ ಸ್ವಂತ ಕಾರಲ್ಲಿ ದುಡ್ಡು ತಗೊಂಡು ಕರ್ಕೊಂಡು ಹೋಗೋದು ಕಾನೂನು ಪ್ರಕಾರ ತಪ್ಪು, ಅಂಥದಕ್ಕೆ ಹತ್ತಬೇಡಿ.

ಹೊರಡೋ ದಿನ. ಬಹಳಷ್ಟು ಟೂರ್‌ಗಳು ಶಿಂಜುಕು ಅಥವಾ ಟೋಕಿಯೋ ಸ್ಟೇಷನ್ ಹತ್ರದಿಂದ ಬೆಳಗ್ಗೆ ಏಳೂವರೆ ಎಂಟಕ್ಕೆ ಹೊರಡ್ತವೆ. ಶಿಂಜುಕು ಸ್ಟೇಷನ್ ಒಳಗೆ ಒಂದ್ಸಲ ತಪ್ಪು ದಾರಿ ಹಿಡಿದ್ರೆ ಸರಿಯಾದ ಎಕ್ಸಿಟ್ ಸಿಗೋಕೆ ಕಾಲು ಗಂಟೆ ಬೇಕು, ಅದಕ್ಕೆ ಹಿಂದಿನ ದಿನ ಸಂಜೆಯೇ ಒಂದ್ಸಲ ಹೋಗಿ ಜಾಗ ನೋಡ್ಕೊಂಡು ಬನ್ನಿ, ಹತ್ತಿರದ ಹೋಟೆಲಲ್ಲಿ ಇಳ್ಕೊಂಡ್ರೆ ಇನ್ನೂ ಒಳ್ಳೇದು. ಬಸ್ಸು ಹೇಳಿದ ನಿಮಿಷಕ್ಕೆ ಹೊರಟ್ಬಿಡತ್ತೆ, ಒಬ್ಬರಿಗೋಸ್ಕರ ಕಾಯೋ ಪದ್ಧತಿ ಅಲ್ಲಿಲ್ಲ. ಹತ್ತೋ ಮುಂಚೆ ಕನ್ವೀನಿಯನ್ಸ್ ಸ್ಟೋರಲ್ಲಿ ನೀರು, ಏನಾದ್ರೂ ತಿನ್ನೋಕೆ ತಗೊಳ್ಳಿ. ಚುಓ ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗ್ತಾರೆ, ದಾರಿಯಲ್ಲಿ ದಾಂಗೋಜಾಕ ಅನ್ನೋ ಸರ್ವಿಸ್ ಏರಿಯಾದಲ್ಲಿ ನಿಲ್ಲಿಸಿದ್ರೆ ಟಾಯ್ಲೆಟ್ ಮುಗಿಸ್ಕೊಂಡ್ಬಿಡಿ, ಬೇಕೋ ಬೇಡ್ವೋ ಅಂತ ಯೋಚನೆ ಮಾಡಬೇಡಿ. ಓತ್ಸುಕಿ ದಾಟಿ ಎಡಕ್ಕೆ ತಿರುಗಿದ ಮೇಲೆ ಗೈಡ್ ಮೈಕಲ್ಲಿ ಏನಾದ್ರೂ ಹೇಳ್ತಿದ್ರೂ ನಿಮ್ಮ ಕಣ್ಣು ಮುಂದಿನ ಗಾಜಿನ ಮೇಲೇ ಇರ್ಲಿ, ಬೆಟ್ಟಗಳ ಮಧ್ಯೆಯಿಂದ ಅದು ಇದ್ದಕ್ಕಿದ್ದ ಹಾಗೆ ಎದ್ದು ನಿಲ್ಲತ್ತೆ, ಬಸ್ಸಲ್ಲಿದ್ದೋರೆಲ್ಲಾ ಒಟ್ಟಿಗೆ ಉಸಿರೆಳ್ಕೊಳ್ಳೋದು ಕೇಳ್ಸತ್ತೆ.

ಮೊದಲ ಸ್ಟಾಪ್ ಅರಾಕುರಯಾಮ ಸೆಂಗೆನ್ ಪಾರ್ಕ್ ಆಗಿರ್ಲಿ, ಅದೇ ಆ ಕೆಂಪು ಪಗೋಡದ ಫೋಟೋ ಜಾಗ, ಚೂರೆಯಿತೋ ಅಂತಾರೆ. 1963ರಲ್ಲಿ ಯುದ್ಧದಲ್ಲಿ ಸತ್ತೋರ ನೆನಪಿಗೆ ಕಟ್ಟಿದ್ದು ಅದು, ಸಾವಿರ ವರ್ಷ ಹಳೇದು ಅಂದ್ಕೊಂಡು ಹೋಗೋರೇ ಜಾಸ್ತಿ. ಕೆಳಗಿಂದ 398 ಮೆಟ್ಟಿಲು, ಮಂಡಿ ನೋವಿದ್ರೆ ಪಕ್ಕದಲ್ಲಿ ಸುತ್ತು ಬಳಸಿ ಹೋಗೋ ಇಳಿಜಾರು ದಾರಿನೂ ಇದೆ, ಗೈಡ್‌ಗೆ ಮೊದಲೇ ಹೇಳಿ. ಮೆಟ್ಟಿಲು ಹತ್ತುವಾಗ ತಿರುಗಿ ನೋಡಬೇಡಿ ಅಂತ ನಮ್ಮ ಗೈಡಮ್ಮ ಹೇಳಿದ್ರು, ಯಾಕೆ ಅಂತ ಆಗ ಅರ್ಥ ಆಗಲಿಲ್ಲ, ಏದುಸಿರು ಬಿಡ್ತಾ ಮೇಲೆ ಹೋಗಿ ಪಗೋಡದ ಹಿಂದಿರೋ ಕಟ್ಟೆ ಮೇಲೆ ನಿಂತು ಈಗ ತಿರುಗಿ ಅಂದಾಗ ಗೊತ್ತಾಯ್ತು. ಕೆಳಗೆ ಊರು, ಊರಿನ ಹೆಂಚುಗಳ ಮೇಲೆ ತೆಳ್ಳಗೆ ಹಿಮ, ಅದರ ಆಚೆ ಯಾವ ಅಡ್ಡಿನೂ ಇಲ್ದೆ ನೆಲದಿಂದ ಆಕಾಶದವರೆಗೂ ಬೆಟ್ಟ. ಫೋಟೋದಲ್ಲಿ ಅದು ಪಗೋಡದ ಹಿಂದಿರೋ ಸಣ್ಣ ತ್ರಿಕೋನದ ತರ ಕಾಣತ್ತೆ, ಎದುರಿಗೆ ನಿಂತಾಗ ಅದರ ಎರಡೂ ಬದಿಯ ಇಳಿಜಾರು ಕಣ್ಣಿಗೆ ಹಿಡಿಯಲ್ಲ, ಕತ್ತು ಎಡದಿಂದ ಬಲಕ್ಕೆ ತಿರುಗಿಸ್ಬೇಕು. ತುದಿಯಲ್ಲಿ ಗಾಳಿಗೆ ಹಿಮದ ಪುಡಿ ಹೊಗೆ ಹಾಗೆ ಹಾರ್ತಿತ್ತು. ಪಕ್ಕದಲ್ಲಿ ಒಬ್ಬ ವಯಸ್ಸಾದ ಜಪಾನಿ ಅಜ್ಜ ಕ್ಯಾಮೆರಾ ತೆಗೀದೆ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ಹೂವಿನ ಸಮಯದಲ್ಲಿ ಈ ಕಟ್ಟೆಗೆ ತುಂಬಾ ಉದ್ದದ ಕ್ಯೂ ಇರತ್ತೆ, ಅದಕ್ಕೆ ಬೆಳಗ್ಗೆ ಮೊದಲನೇದಾಗಿ ಇಲ್ಲಿಗೆ ಬರಬೇಕು ಅನ್ನೋದು.

ಕೆಳಗೆ ಇಳಿದ್ರೆ ಫುಜಿಯೋಶಿದ ಊರು. ಹೋಂಚೋ ಅನ್ನೋ ಹಳೇ ರಸ್ತೆಯಲ್ಲಿ ಅಂಗಡಿ ಬೋರ್ಡುಗಳ ನಡುವೆ ರಸ್ತೆ ತುದಿಯಲ್ಲೇ ಬೆಟ್ಟ ನಿಂತಿರೋ ಫೋಟೋ ನೋಡಿರ್ತೀರ, ಅದೇ ರಸ್ತೆ. ದಯವಿಟ್ಟು ರಸ್ತೆ ಮಧ್ಯೆ ನಿಂತು ಫೋಟೋ ತೆಗೀಬೇಡಿ, ಅಲ್ಲಿ ಜನ ಗಾಡಿ ಓಡಿಸ್ತಾರೆ, ಮಕ್ಕಳು ಸ್ಕೂಲಿಗೆ ಹೋಗ್ತಾರೆ. ಪಕ್ಕದ ಕವಾಗುಚಿಕೋ ಊರಲ್ಲಿ ಲಾಸನ್ ಅನ್ನೋ ಕನ್ವೀನಿಯನ್ಸ್ ಸ್ಟೋರ್ ಮೇಲೆ ಬೆಟ್ಟ ಕೂತಿರೋ ತರ ಕಾಣೋ ಒಂದು ಜಾಗ ಇದೆ, ಜನ ಅಲ್ಲಿ ಹೇಗೆ ಮುಗಿಬಿದ್ರು ಅಂದ್ರೆ 2024ರ ಮೇ ತಿಂಗಳಲ್ಲಿ ಊರಿನೋರು ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆನೇ ಕಟ್ಬಿಟ್ರು, ಕೆಲವು ತಿಂಗಳಾದ್ಮೇಲೆ ತೆಗೆದ್ರು. ಬೆಟ್ಟಕ್ಕೆ ಪರದೆ ಕಟ್ಟೋ ಪರಿಸ್ಥಿತಿ ತಂದಿದ್ದು ನಮ್ಮಂಥ ಪ್ರವಾಸಿಗರೇ, ಅದು ಮನಸ್ಸಲ್ಲಿ ಇರ್ಲಿ.

ಇದೇ ಊರಲ್ಲಿ ಟೈಮ್ ಸಿಕ್ರೆ ಹಳೇ ತೊಗಾವ ಮನೆ ತೋರಿಸಿ ಅಂತ ಗೈಡ್‌ನ ಕೇಳಿ, ಯಾವ ಟೂರ್ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರಲ್ಲ ಆದ್ರೆ ನನಗೆ ಆ ದಿನ ತುಂಬಾ ಹಿಡಿಸಿದ ಜಾಗ. ಫುಜಿಗೆ ಗೈಡ್ ಇಟ್ಕೊಂಡು ಹೋಗೋದು ಇವತ್ತಿನದಲ್ಲ. ಎದೋ ಕಾಲದಲ್ಲಿ, ಅಂದ್ರೆ ಟೋಕಿಯೋಗೆ ಎದೋ ಅಂತ ಹೆಸರಿದ್ದಾಗ, ಫುಜಿ-ಕೋ ಅಂತ ಭಕ್ತರ ಸಂಘಗಳಿದ್ವು, ಎಲ್ರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಪ್ರತಿ ವರ್ಷ ಕೆಲವರನ್ನ ಬೆಟ್ಟಕ್ಕೆ ಕಳಿಸೋರು. ಆ ಯಾತ್ರಿಕರಿಗೆ ಇಲ್ಲಿ ಓಶಿ ಅನ್ನೋರು ಮನೆಯಲ್ಲಿ ಜಾಗ ಕೊಟ್ಟು, ಊಟ ಹಾಕಿ, ಪೂಜೆ ಮಾಡಿಸಿ, ಬೆಟ್ಟ ಹತ್ತೋಕೆ ತಯಾರು ಮಾಡಿ ಕಳಿಸ್ತಿದ್ರು, ಪೂಜಾರಿನೂ ಅವರೇ, ಮನೆ ಯಜಮಾನರೂ ಅವರೇ. ತೊಗಾವ ಮನೆ ಅಂಥ ಒಬ್ಬ ಓಶಿಯ ಮನೆ, ದಾರಿಗೆ ಅಡ್ಡ ಹರಿಯೋ ಸಣ್ಣ ಕಾಲುವೆಯಲ್ಲಿ ಯಾತ್ರಿಕರು ಶುದ್ಧ ಆಗಿ ಒಳಗೆ ಹೋಗೋರು. ಹೆಂಗಸರಿಗೆ ತುದಿ ತನಕ ಹತ್ತೋಕೆ ಬಿಟ್ಟಿದ್ದು 1872ರಲ್ಲಿ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಫುಜಿ ಸೇರಿದ್ದೂ ಪ್ರಕೃತಿ ತಾಣ ಅಂತ ಅಲ್ಲ, ಸಾಂಸ್ಕೃತಿಕ ತಾಣ ಅಂತ, ಈ ಮನೆಗಳು, ದೇವಸ್ಥಾನಗಳು, ಸರೋವರಗಳು ಎಲ್ಲಾ ಸೇರಿಸಿ. ಹತ್ತಿರದಲ್ಲೇ ಕಿತಗುಚಿ ಹೋಂಗು ಫುಜಿ ಸೆಂಗೆನ್ ದೇವಸ್ಥಾನ ಇದೆ, ಬೆಟ್ಟ ಹತ್ತೋ ಯೋಶಿದ ದಾರಿ ಶುರುವಾಗೋದೇ ಅಲ್ಲಿಂದ, ಆಕಾಶ ಮುಟ್ಟೋ ದೇವದಾರು ಮರಗಳು, ಕಲ್ಲಿನ ದೀಪಗಳ ಮೇಲೆ ಪಾಚಿ, ಒಳಗೆ ಕಾಲಿಟ್ರೆ ಮಾತು ತಾನಾಗೇ ನಿಂತ್ಹೋಗತ್ತೆ. ಬೆಟ್ಟದ ದೇವಿ ಹೆಸರು ಕೊನೋಹನಸಾಕುಯ-ಹಿಮೆ.

ಆಮೇಲೆ ಕವಾಗುಚಿ ಸರೋವರದ ಉತ್ತರ ದಡ, ಓಯಿಶಿ ಪಾರ್ಕ್. ದಡದ ಮೇಲೆ ಹೂವಿನ ಸಾಲು, ಜೂನ್ ಜುಲೈಯಲ್ಲಿ ಲ್ಯಾವೆಂಡರ್, ಅಕ್ಟೋಬರಲ್ಲಿ ಕೆಂಪಾಗೋ ಕೋಕಿಯಾ ಪೊದೆ. ನೀರಲ್ಲಿ ತಲೆಕೆಳಗಾದ ಬೆಟ್ಟ ಕಾಣೋದಕ್ಕೆ ಸಾಕಾಸ ಫುಜಿ ಅಂತಾರೆ, ಅದು ಬೇಕು ಅಂದ್ರೆ ಗಾಳಿ ಏಳೋ ಮುಂಚೆ ಬರಬೇಕು, ಟೋಕಿಯೋದಿಂದ ಅದೇ ದಿನ ಹೊರಟು ಬರೋರಿಗೆ ಸಿಗೋದು ಅಪರೂಪ, ಸಿಗಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ. ಬೆಟ್ಟದ ತುದಿಗೆ ತಟ್ಟೆ ಮುಚ್ಚಿದ ಹಾಗೆ ಒಂದು ಮೋಡ ಕೂತಿದ್ರೆ ಅದಕ್ಕೆ ಕಾಸಗುಮೊ ಅಂತ ಹೆಸರು, ಕಾಸ ಅಂದ್ರೆ ಬಿದಿರು ಟೋಪಿ. ಅದು ಬಂದ್ರೆ ಬೇಗನೇ ಮಳೆ ಬರತ್ತೆ ಅಂತ ಅಲ್ಲಿನೋರು ನಂಬ್ತಾರೆ, ನಿಮ್ಮ ಗೈಡ್ ಅದನ್ನ ನೋಡಿ ಅವಸರ ಮಾಡಿದ್ರೆ ಸುಮ್ನೆ ಅವರ ಹಿಂದೆ ಹೋಗಿ.

ಊಟ. ಯಮನಾಶಿ ಕಡೆ ಊಟ ಅಂದ್ರೆ ಹೋತೋ, ಅಗಲದ ದಪ್ಪ ನೂಡಲ್ಸು, ಸಿಹಿಗುಂಬಳ, ತರಕಾರಿ, ಮಿಸೋ ಅನ್ನೋ ಹುದುಗಿಸಿದ ಸೋಯಾ ಪೇಸ್ಟ್ ಹಾಕಿ ಕಬ್ಬಿಣದ ಬಾಣಲೆಯಲ್ಲೇ ಕುದಿಸ್ತಾ ತಂದಿಡ್ತಾರೆ, ಚಳಿಯಲ್ಲಿ ಅದರ ಮುಂದೆ ಬೇರೇನೂ ಬೇಡ. ಆದ್ರೆ ವೆಜಿಟೇರಿಯನ್ನರು ಹುಷಾರು, ಮೇಲೆ ಬರೀ ತರಕಾರಿ ಕಂಡ್ರೂ ಆ ಸಾರಿನ ಬುಡ ದಾಶಿ, ಅದನ್ನ ಸಾಮಾನ್ಯವಾಗಿ ಒಣಮೀನಿಂದ ಮಾಡಿರ್ತಾರೆ. ಯೋಶಿದ ಊದೋನ್ ಅನ್ನೋ ಗೋಧಿ ನೂಡಲ್ಸು ಇನ್ನೊಂದು ಫೇಮಸ್ಸು, ಅದರ ಮೇಲೆ ಕುದುರೆ ಮಾಂಸ ಹಾಕೋ ರೂಢಿ ಇದೆ. ಟೂರ್ ಬುಕ್ ಮಾಡುವಾಗಲೇ ಮೀನಿನ ಸಾರೂ ಬೇಡ, ಮೊಟ್ಟೆನೂ ಬೇಡ ಅಂತ ಬಿಡಿಸಿ ಬರೀರಿ, ಬರೀ ವೆಜ್ ಅಂತ ಬರೆದ್ರೆ ಅಲ್ಲಿ ಅರ್ಥ ಆಗೋದೇ ಬೇರೆ. ನಂಬಿಕೆ ಬರಲಿಲ್ಲ ಅಂದ್ರೆ ಊಟ ಇಲ್ಲದ ಟೂರ್ ತಗೊಂಡು ನಿಮ್ಮ ಬುತ್ತಿ ನೀವೇ ತಗೊಂಡು ಹೋಗಿ, ಸರೋವರದ ದಡದಲ್ಲಿ ಕೂತು ತಿನ್ನೋಕೆ ಬೆಂಚ್ ಇವೆ.

ಈಗ ಐದನೇ ಸ್ಟೇಷನ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು ಯಾಕಂದ್ರೆ ಜಾಸ್ತಿ ಜನ ಇಲ್ಲೇ ನಿರಾಸೆ ಆಗೋದು. ಬೆಟ್ಟ ಹತ್ತೋ ದಾರಿನ ಹತ್ತು ಭಾಗ ಮಾಡಿ ಒಂದೊಂದಕ್ಕೂ ಸ್ಟೇಷನ್ ಅಂತಾರೆ, ರೈಲ್ವೆ ಸ್ಟೇಷನ್ ಅಲ್ಲ. ಐದನೇದರ ತನಕ 1964ರಿಂದ ಫುಜಿ ಸುಬಾರು ಲೈನ್ ಅನ್ನೋ ಟೋಲ್ ರಸ್ತೆ ಇದೆ, ಬಸ್ಸು ಸೀದಾ 2300 ಮೀಟರ್ ಎತ್ತರಕ್ಕೆ ಹೋಗತ್ತೆ. ಫುಜಿ ಮೇಲೆ ನಿಂತೆ ಅನ್ನೋ ಖುಷಿ ನಿಜ, ಆದ್ರೆ ಬೆಟ್ಟದ ಮೇಲೆ ನಿಂತ್ರೆ ಬೆಟ್ಟದ ಆಕಾರ ಕಾಣಲ್ಲ, ತಲೆ ಎತ್ತಿದ್ರೆ ಕೆಂಗಂದು ಬಣ್ಣದ ಜಲ್ಲಿ ಇಳಿಜಾರು, ಸುತ್ತ ಗಿಫ್ಟ್ ಅಂಗಡಿಗಳು, ಹಿಂದೆ ಕೊಮಿತಾಕೆ ಅನ್ನೋ ಪುಟ್ಟ ದೇವಸ್ಥಾನ. ಹಾಗಾದ್ರೆ ಯಾಕೆ ಹೋಗ್ಬೇಕು? ಕೆಳಗೆ ಸರೋವರದ ಹತ್ರ ಪೂರ್ತಿ ಮೋಡ ಇದ್ದಾಗ ಮೇಲೆ ಅದರ ನೆತ್ತಿ ಮೇಲೆ ಬಿಸಿಲಿರೋ ಸಾಧ್ಯತೆ ಇರತ್ತೆ, ಆಗ ಕೆಳಗೆ ನೋಡಿದ್ರೆ ಹತ್ತಿ ಹಾಸಿದ ಹಾಗೆ ಮೋಡದ ಸಮುದ್ರ. ಅಂಥ ದಿನ ಒಳ್ಳೇ ಗೈಡ್ ಸರೋವರ ಬಿಟ್ಟು ಮೊದಲು ಮೇಲೇ ಓಡಿಸ್ತಾರೆ. ಆಕಾಶ ಪೂರ್ತಿ ಶುಭ್ರವಾಗಿದ್ರೆ ಮಾತ್ರ ಬೆಳಗಿನ ಹೊತ್ತನ್ನ ಇಲ್ಲಿ ಕಳೀಬೇಡಿ, ಕೆಳಗಿಂದ ನೋಡೋದೆಲ್ಲಾ ಮುಗಿಸಿ ಆಮೇಲೆ ಹತ್ತಿ. ಮೇಲೆ ಕೆಳಗಿಗಿಂತ ಎಂಟೊಂಬತ್ತು ಡಿಗ್ರಿ ಚಳಿ ಜಾಸ್ತಿ, ಬೇಸಿಗೆಯಲ್ಲೂ ಜಾಕೆಟ್ ಬೇಕು, ಬಸ್ಸಿಳಿದ ತಕ್ಷಣ ಓಡಾಡಬೇಡಿ, ಕಾಲು ಗಂಟೆ ನಿಧಾನಕ್ಕೆ ನಡೀರಿ, ನೀರು ಕುಡೀರಿ, ಕೆಲವರಿಗೆ ತಲೆ ಸುತ್ತತ್ತೆ. ಚಳಿಗಾಲದಲ್ಲಿ ಹಿಮ ಬಿದ್ರೆ ಈ ರಸ್ತೆ ಮುಚ್ಚಿಬಿಡ್ತಾರೆ, ಅಂಥ ದಿನ ಅದರ ಬದಲು ಎಲ್ಲಿಗೆ ಕರ್ಕೊಂಡು ಹೋಗ್ತೀರ ಅಂತ ಮೊದಲೇ ಕೇಳಿಡಿ. ತುದಿ ತನಕ ಹತ್ತೋದು ಬೇರೇ ಕಥೆ, ಅದು ಜುಲೈಯಿಂದ ಸೆಪ್ಟೆಂಬರ್ ಶುರುವಿನ ತನಕ ಮಾತ್ರ, 2025ರಿಂದ ಅದಕ್ಕೆ 4000 ಯೆನ್ ಶುಲ್ಕನೂ ಇದೆ, ಸುಮ್ನೆ ಐದನೇ ಸ್ಟೇಷನ್ ನೋಡಿ ಬರೋರು ಅದನ್ನ ಕಟ್ಬೇಕಿಲ್ಲ. ಒಂದು ದಿನದ ಟೂರಲ್ಲಿ ಬಂದು ಹಾಗೇ ಸ್ವಲ್ಪ ಹತ್ತಿ ನೋಡೋಣ ಅಂತ ಚಪ್ಪಲಿ ಹಾಕ್ಕೊಂಡು ಹೊರಡೋದು ಬೇಡ.

ಮಧ್ಯಾಹ್ನ ಓಶಿನೋ ಹಕ್ಕಾಯಿ, ಎಂಟು ಕೊಳಗಳ ಹಳ್ಳಿ. ಫುಜಿ ಮೇಲಿನ ಹಿಮ ಕರಗಿ ನೀರು ಲಾವಾ ಕಲ್ಲಿನ ಪದರಗಳ ಒಳಗೆ ಇಳಿದು, ದಶಕಗಳ ಕಾಲ ಸೋಸಿ ಸೋಸಿ ಇಲ್ಲಿ ಮೇಲೆ ಬರತ್ತೆ. ವಾಕುಇಕೆ ಅನ್ನೋ ಕೊಳದ ಹತ್ರ ನಿಂತು ನೋಡಿ, ತಳದ ಮರಳು ಪುಳಪುಳ ಅಂತ ಅಲುಗ್ತಿರತ್ತೆ, ಅಲ್ಲೇ ನೀರು ಉಕ್ಕೋದು, ನೀರಿದೆ ಅನ್ನೋದೇ ಕಣ್ಣಿಗೆ ಗೊತ್ತಾಗಲ್ಲ, ಮೀನಿನ ನೆರಳು ತಳದ ಮೇಲೆ ಬಿದ್ದಾಗಷ್ಟೇ ಓ ಇಷ್ಟು ಆಳ ಇದೆಯಲ್ಲ ಅನ್ಸತ್ತೆ. ನಿಮ್ಮ ಅಜ್ಜಿ ಚಿಕ್ಕೋರಿದ್ದಾಗ ಬಿದ್ದ ಹಿಮ ಇರಬಹುದು ಇದು ಅಂದ್ರು ನಮ್ಮ ಗೈಡಮ್ಮ, ಹೇಳಿ ಒಂದು ನಿಮಿಷ ಸುಮ್ನಿದ್ರು. ಬೆಟ್ಟದ ಆಕಾರ ಮೋಡ ಮುಚ್ಚಬಹುದು, ಬೆಟ್ಟದ ನೀರನ್ನ ಯಾವ ಮೋಡನೂ ಮುಚ್ಚಲ್ಲ. ಒಂದು ವಿಷಯ ತಿಳ್ಕೊಳ್ಳಿ, ಅಂಗಡಿಗಳ ಮಧ್ಯೆ ಎಲ್ರೂ ಮುತ್ಕೊಂಡು ಫೋಟೋ ತೆಗೆಯೋ ದೊಡ್ಡ ನೀಲಿ ಕೊಳ ಆ ಎಂಟರಲ್ಲಿ ಸೇರಿಲ್ಲ, ಅದು ಮನುಷ್ಯರು ಮಾಡಿದ್ದು. ನಿಜವಾದವು ಸಣ್ಣವು, ಅಕ್ಕಪಕ್ಕ ಹುಡುಕ್ಬೇಕು. ನೀರಿಗೆ ನಾಣ್ಯ ಹಾಕಬೇಡಿ, ಪುಣ್ಯ ಬರಲ್ಲ, ನೀರು ಹಾಳಾಗತ್ತೆ ಅಷ್ಟೆ.

ಇನ್ನು ಪೂರ್ತಿ ಮೋಡ, ಮೇಲೂ ಇಲ್ಲ ಕೆಳಗೂ ಇಲ್ಲ ಅಂದ್ರೆ? ಆಗ ಪಗೋಡ, ಪಾರ್ಕು ಅಂತ ಮಂಜಲ್ಲಿ ಅಲೆಯೋ ಬದಲು ಪಶ್ಚಿಮಕ್ಕೆ, ಲಾವಾ ಕಡೆಗೆ ಕರ್ಕೊಂಡು ಹೋಗಿ ಅಂತ ಕೇಳಿ. ಕ್ರಿಸ್ತಶಕ 864ರಲ್ಲಿ ಫುಜಿ ಸಿಡಿದಾಗ ಹರಿದ ಲಾವಾ ಸೆನೋಉಮಿ ಅನ್ನೋ ದೊಡ್ಡ ಸರೋವರನ ತುಂಬಿ ತುಂಡು ಮಾಡ್ತು, ಅದರ ಎರಡು ತುಂಡೇ ಇವತ್ತಿನ ಸಾಯಿ ಮತ್ತು ಶೋಜಿ ಸರೋವರಗಳು. ಆ ಲಾವಾ ಮೇಲೆ ಬೆಳೆದಿದ್ದೇ ಅಒಕಿಗಹಾರ ಕಾಡು, ಅಲ್ಲಿ ಮರಗಳಿಗೆ ಬೇರು ಇಳಿಸೋಕೆ ಮಣ್ಣಿಲ್ಲ, ಅದಕ್ಕೆ ಬೇರುಗಳೆಲ್ಲಾ ಹಾವಿನ ಹಾಗೆ ಕಲ್ಲಿನ ಮೇಲೇ ಹರಡ್ಕೊಂಡಿವೆ, ಎಲ್ಲಾ ಕಡೆ ಹಸಿರು ಪಾಚಿ. ಕಾಡಿನ ಅಂಚಲ್ಲಿ ನರುಸಾವ ಹಿಮಗುಹೆ ಮತ್ತು ಫುಗಾಕು ಗಾಳಿಗುಹೆ ಇವೆ, ಹೊರಗೆ ಸೆಖೆ ಇದ್ರೂ ಹಿಮಗುಹೆ ಒಳಗೆ ಸುಮಾರು ಮೂರು ಡಿಗ್ರಿ, ಹಿಂದೆ ಗಾಳಿಗುಹೆಯಲ್ಲಿ ರೇಷ್ಮೆಹುಳದ ಮೊಟ್ಟೆ ಕೆಡದ ಹಾಗೆ ಇಡ್ತಿದ್ರು, ಕರೆಂಟಿಲ್ಲದ ಫ್ರಿಜ್ಜು. ದಾರಿ ಬಿಟ್ಟು ಕಾಡೊಳಗೆ ಹೋಗಬೇಡಿ, ಗುಹೆಯಲ್ಲಿ ಕೆಲವು ಕಡೆ ತುಂಬಾ ಬಗ್ಗಿ ಹೋಗ್ಬೇಕು, ಬೆನ್ನು ನೋವಿರೋರು ಗಾಳಿಗುಹೆ ಮಾತ್ರ ನೋಡಿ. ಸಾಯಿ ಸರೋವರದ ದಡದಲ್ಲಿ ಇಯಾಶಿ ನೋ ಸಾತೋ ನೆಂಬಾ ಅಂತ ಹುಲ್ಲು ಮಾಡಿನ ಹಳ್ಳಿನೂ ಇದೆ, 1966ರ ಚಂಡಮಾರುತದಲ್ಲಿ ಕೊಚ್ಚಿ ಹೋಗಿದ್ದ ಹಳ್ಳಿ ಇದ್ದ ಜಾಗದಲ್ಲೇ ಮತ್ತೆ ಕಟ್ಟಿದ್ದು. ಮೊದಲ ಸಲ ನನಗೆ ಇದೆಲ್ಲಾ ಇದೆ ಅಂತ ಹೇಳೋರೇ ಇರಲಿಲ್ಲ, ಗೊತ್ತಿದ್ದಿದ್ರೆ ಆ ದಿನ ಹಾಗೆ ಬರಿಗೈಯಲ್ಲಿ ವಾಪಸ್ ಬರ್ತಿರಲಿಲ್ಲ.

ಸಣ್ಣಪುಟ್ಟವು ಬೇಗ ಹೇಳ್ಬಿಡ್ತೀನಿ. ಕ್ಯಾಶ್ ಇಟ್ಕೊಳ್ಳಿ, ನೂರು ಯೆನ್ ನಾಣ್ಯಗಳು ಜಾಸ್ತಿ ಇರ್ಲಿ, ಬೆಟ್ಟದ ಮೇಲಿನ ಟಾಯ್ಲೆಟ್ಟಿಗೆ ದುಡ್ಡು ಹಾಕ್ಬೇಕು. ಕಸದ ಬುಟ್ಟಿ ಎಲ್ಲೂ ಸಿಗಲ್ಲ, ಒಂದು ಪ್ಲಾಸ್ಟಿಕ್ ಕವರ್ ಜೇಬಲ್ಲಿರ್ಲಿ, ನಿಮ್ಮ ಕಸ ನಿಮ್ಮ ಜೊತೆನೇ ವಾಪಸ್. ಲಾವಾ ಕಲ್ಲು ನೆನಪಿಗೆ ಅಂತ ಎತ್ಕೊಂಡು ಬರೋ ಹಾಗಿಲ್ಲ. ಟಿಪ್ಸ್ ಕೊಡೋ ಪದ್ಧತಿ ಜಪಾನಲ್ಲಿಲ್ಲ, ಬಾಯ್ತುಂಬಾ ಥ್ಯಾಂಕ್ಸ್ ಹೇಳಿ, ಒಳ್ಳೇ ರಿವ್ಯೂ ಬರೀರಿ. ಹತ್ತಿಯ ಬಟ್ಟೆಗಿಂತ ಗಾಳಿ ತಡೆಯೋ ಜಾಕೆಟ್ ಮುಖ್ಯ, ಚಳಿಗಾಲ ಆದ್ರೆ ಕೈಗವಸು ಕೂಡ, ಫೋನ್ ಹಿಡ್ಕೊಂಡು ನಿಲ್ಲೋ ಕೈಯೇ ಮೊದಲು ಮರಗಟ್ಟೋದು.

ವಾಪಸ್ ಬರುವಾಗ ಲೇಟ್ ಆಗತ್ತೆ ಅಂತಲೇ ಇಟ್ಕೊಳ್ಳಿ. ಚುಓ ಎಕ್ಸ್‌ಪ್ರೆಸ್‌ವೇಯಲ್ಲಿ ಕೊಬೋತೋಕೆ ಸುರಂಗದ ಹತ್ರ, ಅದರಲ್ಲೂ ಭಾನುವಾರ ಸಂಜೆ, ಗಾಡಿಗಳು ಇರುವೆ ಸಾಲಿನ ತರ ನಿಂತಿರ್ತವೆ, ಆರಕ್ಕೆ ಬರ್ತೀವಿ ಅಂದ ಬಸ್ಸು ಎಂಟಕ್ಕೆ ಬಂದ್ರೂ ಆಶ್ಚರ್ಯ ಇಲ್ಲ. ಅದಕ್ಕೆ ಆವತ್ತು ರಾತ್ರಿಗೆ ರೈಲು, ವಿಮಾನ, ಡಿನ್ನರ್ ಬುಕಿಂಗ್ ಏನೂ ಇಟ್ಕೋಬೇಡಿ, ಸಾಧ್ಯ ಆದ್ರೆ ವಾರದ ಮಧ್ಯದ ದಿನವೇ ಹೋಗಿ.

ಇಷ್ಟೆಲ್ಲಾ ಮಾಡಿನೂ ಬೆಟ್ಟ ಕಾಣಲಿಲ್ಲ, ಮಾರನೇ ದಿನ ಕ್ಯೋತೋಗೆ ಹೊರಟಿದ್ದೀರ ಅಂದ್ರೆ ಇನ್ನೊಂದು ದಾರಿ ಇದೆ. ಶಿಂಕಾನ್ಸೆನ್, ಅಂದ್ರೆ ಬುಲೆಟ್ ರೈಲಿನ ಟಿಕೆಟ್ ತಗೊಳ್ಳುವಾಗ ಆರ್ಡಿನರಿ ಬೋಗಿಯಲ್ಲಿ ಇ ಸೀಟ್ ಕೇಳಿ, ಎರಡು ಸೀಟಿನ ಕಡೆ ಇರೋ ಕಿಟಕಿ ಅದು, ಗ್ರೀನ್ ಕಾರ್ ಅನ್ನೋ ಫಸ್ಟ್ ಕ್ಲಾಸ್ ಬೋಗಿ ಆದ್ರೆ ಡಿ ಸೀಟ್. ಟೋಕಿಯೋ ಬಿಟ್ಟು ನಲವತ್ತು ನಿಮಿಷ ಆದ್ಮೇಲೆ ನೊಝೋಮಿ ರೈಲು ಶಿನ್-ಫುಜಿ ದಾಟತ್ತೆ, ಅಲ್ಲಿ ಎರಡು ಮೂರು ನಿಮಿಷ ಬಲಗಡೆ ಫೋನ್ ತೆಗೀದೆ ಬರೀ ಕಣ್ಣಲ್ಲಿ ನೋಡಿ. ನನ್ನ ಮೊದಲ ಟ್ರಿಪ್ಪಲ್ಲಿ ಇಡೀ ದಿನ ಸುತ್ತಿ ಸಿಗದೇ ಇದ್ದಿದ್ದು ಮಾರನೇ ಬೆಳಗ್ಗೆ ಆ ಕಿಟಕಿಯಲ್ಲಿ ಸಿಕ್ತು, ಫ್ಯಾಕ್ಟರಿ ಚಿಮಣಿಗಳ ಹಿಂದೆ, ಹಿಮ ಇಲ್ಲದ ಕಪ್ಪು ಬೆಟ್ಟ, ತುದಿ ಒಂದಿಷ್ಟೂ ಮೋಡ ಇಲ್ಲದೆ.